ಕುರ್ಚಿ ಮಾವನ ಹೂಂ ಮತ್ತು ಊಹೂಂ

ನೋವಿದೆ ಎಂದು ಹೇಳಿಕೊಂಡು ಬಂದವನಿಗೆ "ಏನೂ ಇಲ್ಲ" ಎಂದು ಹೇಳಿ ಕಳಿಸುವ ಧೈರ್ಯ ಕೆಲವರಿಗೆ ಎಲ್ಲಿಂದ ಬರುತ್ತದೋ ದೇವರೇ ಬಲ್ಲ. ಮನೆಗೆ ಕಳ್ಳ ನುಗ್ಗಿದ್ದಾನೆ ಎಂದು ಓಡಿಹೋಗಿ ಹೇಳಿದರೆ, ಪೊಲೀಸಿನವನು ತನ್ನ ಜೇಬು ತಡವಿಕೊಂಡು "ನನ್ನದೇನೂ ಹೋಗಿಲ್ಲವಲ್ಲ" ಅಂದ ಹಾಗಾಯಿತು. ಕುರ್ಚಿ ಮಾವನ ಕತೆಯಲ್ಲಿ ಹೀಗೆ ಜೇಬು ತಡವಿಕೊಂಡವರು ಬೇಕಾದಷ್ಟು ಮಂದಿ ಇದ್ದಾರೆ. ಅವರನ್ನು ಬಿಡುವುದಿಲ್ಲ, ಒಂದೊಂದು ಪೆಟ್ಟು ಕೊಟ್ಟೇ ಮುಂದೆ ಹೋಗುತ್ತೇನೆ. ಆದರೆ ಕತೆಯ ಮುಕ್ಕಾಲು ಪಾಲು ನಗುವಂಥದ್ದು. ಮಾವನೇ ನಕ್ಕಿದ್ದಾರೆ, ನಿಂತುಕೊಂಡು.

ಕುರ್ಚಿ ಎಂದೊಡನೆ ಯಾರೂ ಚುನಾವಣೆಯ ಕಡೆ ಕಿವಿ ನಿಮಿರಿಸಬೇಕಿಲ್ಲ. ಇವರು ಕುರ್ಚಿಗಾಗಿ ಕಿತ್ತಾಡಿದವರಲ್ಲ, ಕುರ್ಚಿ ಮಾಡಿ ಬದುಕಿದವರು. ಮುಖ್ಯ ರಸ್ತೆಯ ಹಿಂದಿನ ಬೀದಿಯಲ್ಲಿ, ಬೀಗ ರಿಪೇರಿಯವನ ಗೂಡಿಗೂ ಇಸ್ತ್ರಿ ಅಂಗಡಿಗೂ ನಡುವೆ ಅವರ ಸೋಫಾ ಅಂಗಡಿ. ಒಳಗೆ ಕಾಲಿಟ್ಟರೆ ಅಂಟಿನ ವಾಸನೆ, ಸೂರು ಮುಟ್ಟುವ ಹಾಗೆ ಪೇರಿಸಿದ ಸ್ಪಂಜಿನ ಹಾಳೆಗಳು, ಮೂಲೆಯಲ್ಲಿ ಬಟ್ಟೆ ಬಿಚ್ಚಿಸಿಕೊಂಡು ನಾಚಿ ಕೂತಂತಿರುವ ಹಳೆಯ ಸೋಫಾಗಳ ಮರದ ಚೌಕಟ್ಟು. ಕಿಟಕಿಯ ಬಳಿ ಮಾವನ ಹೆಂಡತಿ, ಬೀದಿಗೆಲ್ಲ ಹೊಲಿಗೆ ಅತ್ತೆ, ಮಿಷನ್ನಿನ ಮೇಲೆ ರೆಕ್ಸಿನ್ ಗವಸು ಹೊಲಿಯುತ್ತಿರುತ್ತಾರೆ. ಮಾವ ಬಾಯಿ ತುಂಬ ಸಣ್ಣ ಮೊಳೆ ಇಟ್ಟುಕೊಂಡು, ನಾಲಿಗೆಯಿಂದ ಒಂದೊಂದನ್ನೇ ತುಟಿಗೆ ತಳ್ಳಿ, ಸುತ್ತಿಗೆಯಲ್ಲಿ ಹೊಡೆಯುತ್ತಿರುತ್ತಾರೆ. ಬಾಯಲ್ಲಿ ಮೊಳೆ ಇರುವವರು ಹೆಚ್ಚು ಮಾತಾಡುವಂತಿಲ್ಲ. ಹಾಗಾಗಿ ಅವರ ಇಡೀ ವ್ಯವಹಾರ ಎರಡೇ ಮಾತಿನಲ್ಲಿ ಮುಗಿಯುತ್ತಿತ್ತು: ಹೂಂ, ಊಹೂಂ.

ಅದು ಹೇಗೆಂದರೆ, ಯಾವ ಕುರ್ಚಿಯಾಗಲಿ, ಸೋಫಾ ಆಗಲಿ, ಮಾವ ಅದರ ಮೇಲೆ ತಾವೇ ಕೂತು ನೋಡದೆ ಅಂಗಡಿಯ ಹೊಸಿಲು ದಾಟುತ್ತಿರಲಿಲ್ಲ. ಕೂರುವುದೆಂದರೆ ನಮ್ಮ ನಿಮ್ಮ ಹಾಗೆ ದೊಪ್ಪನೆ ಬೀಳುವುದಲ್ಲ. ಮೊದಲು ಕುರ್ಚಿಗೆ ಬೆನ್ನು ಹಾಕಿ, ಅದರ ಮೇಲೆ ಏನೂ ಆಸಕ್ತಿ ಇಲ್ಲದವರಂತೆ ಒಂದು ಗಳಿಗೆ ನಿಲ್ಲುವರು. ಆಮೇಲೆ ಮೆಲ್ಲಗೆ ಇಳಿದು, ಕೈಕಟ್ಟಿ, ಕಣ್ಣು ಮುಚ್ಚುವರು. ಅಷ್ಟು ಹೊತ್ತು ಹೊಲಿಗೆ ಅತ್ತೆಯ ಮಿಷನ್ ಸದ್ದೂ ನಿಲ್ಲುತ್ತಿತ್ತು. ಮಾವನ ಮೂಗಿನಿಂದ "ಹೂಂ" ಬಂತೋ, ಗಾಡಿಗೆ ಏರಿಸು ಎಂದರ್ಥ. "ಊಹೂಂ" ಬಂತೋ, ಗವಸು ಬಿಚ್ಚಿ, ಮೊಳೆ ಕಿತ್ತು, ಮೊದಲಿನಿಂದ ಶುರು. ಗಿರಾಕಿಗಳು ಮನೆಗೆ ಬಂದ ನೆಂಟರಿಗೆ "ಇದು ಹೂಂ ಅನ್ನಿಸಿಕೊಂಡ ಸೋಫಾ" ಎಂದು ಜಂಬ ಹೊಡೆಯುತ್ತಿದ್ದರು. ಮಾವನಿಗೆ ಅದಕ್ಕಿಂತ ದೊಡ್ಡ ಪದವಿ ಬೇಕಿರಲಿಲ್ಲ.

ಅಂಥವರು ಒಂದು ದಿನ ದಪ್ಪ ಸೋಫಾವೊಂದನ್ನು ಮಹಡಿ ಮೆಟ್ಟಿಲಲ್ಲಿ ಇಳಿಸುವಾಗ ಜಾರಿ, ಮೆಟ್ಟಿಲ ಅಂಚಿನ ಮೇಲೆ ಕೂತುಬಿಟ್ಟರು. ಜೀವಮಾನದಲ್ಲಿ ಪರೀಕ್ಷೆ ಮಾಡದೆ ಕೂತದ್ದು ಅದೊಂದೇ ಸಲ. ಬೆನ್ನಿನ ಕೆಳಗೆ ನರವೊಂದು ಅದುಮಿಕೊಂಡಿತು. ಔಷಧ, ವಿಶ್ರಾಂತಿ ಎಲ್ಲ ಆಗಿ ಒಳಗಿನ ಪೆಟ್ಟು ವಾಸಿಯೂ ಆಯಿತು. ನೋವಿಗೆ ಮಾತ್ರ ಆ ಸುದ್ದಿಯನ್ನು ಯಾರೂ ತಿಳಿಸಲಿಲ್ಲ. ಬಲ ಪೃಷ್ಠದಿಂದ ಕಾಲಿನ ಹೆಬ್ಬೆರಳಿನವರೆಗೆ ಒಮ್ಮೆ ಕರೆಂಟು ಹೊಡೆದಂತೆ, ಒಮ್ಮೆ ಮೆಣಸಿನಪುಡಿ ಹಚ್ಚಿದಂತೆ. ಹೊದಿಕೆಯ ಅಂಚು ತಾಗಿದರೂ ಹೌಹಾರುವಂತಾಯಿತು.

ನೋವಿನ ಬೆನ್ನಿಗೇ ಭಯ ಬಂತು. ಕುರ್ಚಿ ಕಂಡರೆ ಅಂಗೈ ಬೆವರುವುದು, ಎದೆ ಡವಗುಡುವುದು. ಯೋಚಿಸಿ ನೋಡಿ, ಈಜು ಕಲಿಸುವವನಿಗೆ ನೀರು ಕಂಡರೆ ಭಯವಾದರೆ ಮನೆಯಲ್ಲಿ ಕೂರಬಹುದು. ಇವರಿಗೆ ಕೂರುವುದೇ ಭಯ, ಎಲ್ಲಿಗೆ ಹೋಗಿ ಏನು ಮಾಡಬೇಕು?

ಮಾವ ನಿಂತೇ ಬದುಕತೊಡಗಿದರು. ನಿಂತು ಊಟ, ನಿಂತು ಪೇಪರು, ನಿಂತು ಟಿ.ವಿ. ನೆಂಟರ ಮನೆಗೆ ಹೋದರೆ ಹಿರಿಯರು ನಿಂತಿದ್ದಾರೆಂದು ಮನೆಮಂದಿಯೆಲ್ಲ ಎದ್ದು ನಿಲ್ಲುವರು. ಕಾಫಿ ಕುಡಿಯುವ ಕೋಣೆ ಬಸ್ಸಿನ ಒಳಗಿನಂತೆ ಕಾಣುವುದು. ಒಮ್ಮೆ ಯಾವುದೋ ಕಚೇರಿಯ ಗೋಡೆ ಪಕ್ಕ ಸುಮ್ಮನೆ ಗಾಳಿಗೆ ನಿಂತಿದ್ದಾರೆ, ತಿರುಗಿ ನೋಡಿದರೆ ಹಿಂದೆ ಸಾಲು ಬೆಳೆದಿದೆ. ಕೊನೆಯಲ್ಲಿದ್ದವನು ಮುಂದಿನವನನ್ನು ಇಲ್ಲಿ ಏನು ಕೊಡುತ್ತಾರೆ ಎಂದು ಕೇಳಿದ. ಮುಂದಿನವನು ಗೊತ್ತಿಲ್ಲ, ಆದರೆ ಬೇಗ ಮುಗಿದುಹೋಗುತ್ತದಂತೆ ಎಂದ. ಮಾವ ಪಾಪ, ಸಾಲು ಕೆಡಿಸಬಾರದೆಂದು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತರಂತೆ.

ನಗುವುದಕ್ಕೆ ಇಷ್ಟು ಸಾಕು. ಈಗ ಜೇಬು ತಡವಿಕೊಂಡವರ ಸರದಿ. ಸ್ಕ್ಯಾನು ಮಾಡಿಸಿದಲ್ಲಿ ಒಬ್ಬ ಮಹಾಶಯ ಪಟವನ್ನು ಬೆಳಕಿಗೆ ಹಿಡಿದು, ಎಲ್ಲ ಸರಿಯಾಗಿದೆ, ನೋವಿರುವುದಕ್ಕೆ ಕಾರಣವೇ ಇಲ್ಲ ಎಂದ. ಕಾರಣ ಕಾಣುತ್ತಿಲ್ಲ ಎಂದು ಹೇಳಿದ್ದರೆ ಆ ಬಾಯಿಗೇನು ನಷ್ಟವಾಗುತ್ತಿತ್ತು? ಮಾವನ ಅಣ್ಣ, ಇದೆಲ್ಲ ತಲೆಯಲ್ಲಿ ಇರುವುದು ಎಂದು ಬುದ್ಧಿ ಹೇಳಿದ. ಅಲ್ಲ ಸ್ವಾಮಿ, ತಲೆಯೇನು ಮೈಯಿಂದ ಹೊರಗೆ ಬಾಡಿಗೆಗೆ ಕೊಟ್ಟ ಕೋಣೆಯೇ? ಹಲ್ಲು ನೋವೂ ತಲೆಯಲ್ಲಿಯೇ ಇರುತ್ತದೆ, ಅದಕ್ಕೆ ಯಾರೂ ಹೀಗೆ ಉಪದೇಶ ಮಾಡುವುದಿಲ್ಲ. ಇನ್ನು ಕೆಲವರು ಕೆಲಸಕ್ಕೆ ಕಳ್ಳಬೀಳಲು ಇದೊಂದು ನೆಪ ಎಂದು ಆಡಿಕೊಂಡರು. ದಿನವಿಡೀ ನಿಂತಿರುವ ಸೋಮಾರಿಯನ್ನು ಲೋಕದಲ್ಲಿ ಎಲ್ಲಾದರೂ ಕಂಡಿದ್ದೀರಾ?

ಅಂಗಡಿಯ ಪಾಡು ನೋಡಿ. ಮಾವ ಹಟ ಬಿಡದೆ, ಹಲ್ಲು ಕಚ್ಚಿ, ಪ್ರತಿ ಕುರ್ಚಿಯ ಮೇಲೂ ಕೂತರು. ಪ್ರತಿ ಕುರ್ಚಿಗೂ ಊಹೂಂ. ಮೆತ್ತಗಿದ್ದರೆ ಊಹೂಂ, ಗಟ್ಟಿಯಿದ್ದರೆ ಊಹೂಂ. ಕೂತ ಕೂಡಲೇ ಕೆಂಡ ತಾಗಿದಂತಾದರೆ ಯಾವ ಸ್ಪಂಜು ತಾನೆ ಏನು ಮಾಡೀತು? ಹೊಲಿದ ಗವಸನ್ನೇ ಬಿಚ್ಚಿ ಬಿಚ್ಚಿ ಹೊಲಿದು ಅತ್ತೆಯ ಬೆರಳು ಜಡ್ಡುಗಟ್ಟಿತು. ಮುಗಿದೂ ಮುಗಿಯದ ಸೋಫಾಗಳು ಬೀದಿಯವರೆಗೆ ಬಂದು ಕೂತವು. ಇಸ್ತ್ರಿ ಅಂಗಡಿಯ ಗಿರಾಕಿಗಳು ಅವುಗಳ ಮೇಲೆ ಹಾಯಾಗಿ ಒರಗಿ, "ಚೆನ್ನಾಗೇ ಇದೆಯಲ್ಲ" ಎಂದು ಮಾವನ ಗಾಯಕ್ಕೆ ಉಪ್ಪು ಹಾಕಿದರು.

ಆಗ ಮುಂದೆ ಬಂದವನು ಭಾಮೈದ, ಅತ್ತೆಯ ತಮ್ಮ. ಫೋನು, ಲೆಕ್ಕ, ಗಾಡಿ ಇವನ ಜವಾಬ್ದಾರಿ. ಕೆಟ್ಟವನಲ್ಲ, ಸಮಸ್ಯೆ ಕಂಡರೆ ಅದಕ್ಕೊಂದು ಸಾಮಾನು ತರುವ ಜಾತಿ. ಮನೆ ಕಟ್ಟುವ ಕಡೆಯಿಂದ ಒಂದು ಮರಳಿನ ಮೂಟೆ ತಂದ. ಅದನ್ನು ಮಾವನ ತೂಕಕ್ಕೆ ಸರಿಯಾಗಿ ತುಂಬಿ, ನಡುವೆ ಒಂದು ದಾರ ಬಿಗಿದು ಸೊಂಟ ಮಾಡಿ, ಕುರ್ಚಿಯ ಮೇಲೆ ಕೂರಿಸಿ ತೋರಿಸಿದ.

"ನೋಡಿ ಭಾವ. ಇದು ಕೂರುತ್ತೆ, ಊಹೂಂ ಅನ್ನಲ್ಲ."

"ಹೂಂ ಅನ್ನುತ್ತಾ?" ಎಂದರು ಮಾವ.

"ಸುಮ್ನಿದ್ರೆ ಹೂಂ ಅಂತಾನೇ ಅರ್ಥ."

ಮಾವನಿಗೆ ಮೊಳೆ ನುಂಗಿದಂತಾಯಿತು. ಇಷ್ಟು ವರ್ಷ ತಾನು ಕೂತ ಜಾಗದಲ್ಲಿ ಈಗ ಮರಳು ಕೂರುತ್ತದೆ. ಬೀದಿಯವರು ಆ ಮೂಟೆಗೆ ಚಿಕ್ಕ ಮಾವ ಎಂದು ಹೆಸರಿಟ್ಟದ್ದೂ ಕಿವಿಗೆ ಬಿತ್ತು. ಅದೇ ವಾರ ದೊಡ್ಡ ಆಸ್ಪತ್ರೆಯ ನರರೋಗ ವಿಭಾಗದಿಂದ ಕೆಲಸ ಬಂತು: ಕಾಯುವ ಕೋಣೆಗೆ ಹೊಸ ಬೆಂಚುಗಳು, ಮೆತ್ತನೆಯ ಸೀಟಿನವು. ಕಾಯಿಸುವವರಿಗೆ ತಿರುಗುವ ಕುರ್ಚಿ, ಕಾಯುವವರಿಗೆ ತಗಡಿನ ಬೆಂಚು ಎಂಬುದು ಜಗತ್ತಿನ ಎಲ್ಲ ಕಚೇರಿಗಳ ನಿಯಮವಾಗಿರುವಾಗ, ಯಾರಿಗೋ ಮನಸ್ಸು ಕರಗಿದ್ದು ದೊಡ್ಡ ಮಾತು. ಭಾವ ಭಾಮೈದರ ನಡುವೆ ಒಪ್ಪಂದವಾಯಿತು. ಈ ಬೆಂಚುಗಳು ಮಾವನ ಹೂಂ ಪಡೆದೇ ಹೋಗುತ್ತವೆ. ಒಂದೂ ವಾಪಸು ಬರದಿದ್ದರೆ ಕೂರುವ ಹಕ್ಕು ಮಾವನದು. ಬಂದರೆ ಮರಳಿನ ಮೂಟೆಯದು. ಅತ್ತೆ ಈ ಒಪ್ಪಂದ ಕೇಳಿ ದಾರ ಕಡಿದರು.

ಅಳತೆ ತೆಗೆಯಲು ಹೋದ ಮಾವ ಅದೇ ವಿಭಾಗದಲ್ಲಿ ಚೀಟಿ ಮಾಡಿಸಿ ರೋಗಿಯಾಗಿಯೂ ಕೂತರು, ಅಂದರೆ ನಿಂತರು. ಅಲ್ಲಿನ ನರದ ಡಾಕ್ಟರಮ್ಮ ಇವರನ್ನು ಕಂಡೊಡನೆ ಕೂತುಕೊಳ್ಳಿ ಎನ್ನಲಿಲ್ಲ. ತಾವೇ ಎದ್ದು ನಿಂತು ಮಾತಾಡಿದರು. ಮಾವ ಅಲ್ಲೇ ಅರ್ಧ ಗುಣವಾದಂತೆ ಆದರಂತೆ. ಪೂರ್ತಿ ಕೇಳಿಸಿಕೊಂಡ ಮೇಲೆ ಆಕೆ ಹೇಳಿದ್ದರ ಸಾರಾಂಶ ಇಷ್ಟು.

ಮೆದುಳಿನಲ್ಲಿ, ಬೆನ್ನುಹುರಿಯಲ್ಲಿ ನರಕೋಶಗಳು ಒಂದಕ್ಕೊಂದು ಸುದ್ದಿ ದಾಟಿಸುವಾಗ ಪುಟ್ಟ ಪುಟ್ಟ ಪ್ರೋಟೀನ್ ತುಣುಕುಗಳನ್ನೂ ಬಿಡುತ್ತವೆ. ನ್ಯೂರೋಪೆಪ್ಟೈಡ್ ಎಂದು ಅವುಗಳ ಹೆಸರು. ಎಲ್ಲವುಗಳ ಸ್ವಭಾವ ಒಂದೇ ಅಲ್ಲ. ಸಬ್‌ಸ್ಟೆನ್ಸ್ ಪಿ ಎಂಬಂಥವು ನೋವಿನ ಪಿಸುಮಾತನ್ನು ಡಂಗುರ ಮಾಡುತ್ತವೆ. ಎಂಡಾರ್ಫಿನ್, ಎನ್ಕೆಫಾಲಿನ್ ಎಂಬವು ಸಾಕು ಸುಮ್ಮನಿರು ಎಂದು ಸದ್ದಡಗಿಸುತ್ತವೆ. ಅಪಾಯ ಕಂಡಾಗ ಮೈಯನ್ನೆಲ್ಲ ಎಬ್ಬಿಸಿ ಕೂರಿಸುವ ಒಂದಿದೆ. ಆ ಗಾಬರಿಯನ್ನು ತಗ್ಗಿಸುವ ನ್ಯೂರೋಪೆಪ್ಟೈಡ್ ವೈ ಎಂಬ ಇನ್ನೊಂದಿದೆ. ನರಕ್ಕೆ ಪೆಟ್ಟು ಬಿದ್ದಾಗ ಇವುಗಳ ತೂಕ ಏರುಪೇರಾಗುತ್ತದೆ, ಕೆಲವರಲ್ಲಿ ಪೆಟ್ಟು ವಾಸಿಯಾದ ಮೇಲೂ ಹಳೆಯ ಹದಕ್ಕೆ ಬರುವುದಿಲ್ಲ. ಅದರ ಮೇಲೆ, ಮೆದುಳಿನಲ್ಲಿ ಬಾದಾಮಿಯಷ್ಟು ದೊಡ್ಡ ಒಂದು ಭಾಗ ಭಯವನ್ನೂ ನೋಡಿಕೊಳ್ಳುತ್ತದೆ, ನೋವು ಎಷ್ಟು ಕಾಡಬೇಕು ಎಂಬುದರಲ್ಲೂ ಕೈಯಾಡಿಸುತ್ತದೆ. ಅಲ್ಲಿ ಇವೇ ತುಣುಕುಗಳ ಓಡಾಟ. ಹಾಗಾಗಿ ನೋವು ಭಯವನ್ನು ಕರೆದುಕೊಂಡು ಬರುತ್ತದೆ, ಭಯ ಬಂದು ನೋವಿಗೆ ಇನ್ನಷ್ಟು ಧ್ವನಿ ಕೊಡುತ್ತದೆ. ಒಂದು ತುಣುಕನ್ನು ತಡೆದರೆ ನೋವು ನಿಂತೀತು ಎಂದು ಔಷಧ ಮಾಡಿದವರಿಗೆ ಅದನ್ನು ಮನುಷ್ಯರಿಗೆ ಕೊಟ್ಟು ನೋಡಿದಾಗ ನಿರಾಸೆಯಾದದ್ದೂ ಉಂಟು, ಏಕೆಂದರೆ ಇವು ಒಂದೊಂದೇ ಆಗಿ ಕೆಲಸ ಮಾಡುವುದಿಲ್ಲ. ಒಂದು ರಕ್ತಪರೀಕ್ಷೆ ಮಾಡಿ ನಿಮ್ಮದು ಇಂತಿಷ್ಟು ಎಂದು ಹೇಳುವ ವಿದ್ಯೆಯೂ ತಮ್ಮಲ್ಲಿ ಇನ್ನೂ ಇಲ್ಲ ಎಂದು ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು.

ಮಾವ ಕೇಳಬೇಕಾದದ್ದನ್ನು ಕೇಳಿಯೇ ಬಿಟ್ಟರು. "ಹಾಗಾದ್ರೆ ನಮ್ಮಣ್ಣ ಹೇಳಿದ್ದೇ ನಿಜ ಆಯ್ತಲ್ಲ ಡಾಕ್ಟ್ರೇ. ಎಲ್ಲಾ ತಲೇಲೇ ಇರೋದು."

"ತಲೇಲಿ ಇರೋದು ನಿಜ. ಸುಳ್ಳು ಅನ್ನೋದು ಮಾತ್ರ ಸುಳ್ಳು" ಎಂದರು ಆಕೆ.

ಮಾವ ಈ ಮಾತನ್ನು ಬಾಯಿಪಾಠ ಮಾಡಿಕೊಂಡು ಬಂದು ಅಣ್ಣನಿಗೆ ಫೋನಿನಲ್ಲಿ ಒಪ್ಪಿಸಿದರು. ಅಣ್ಣ ಮೊದಲಿನಿಂದ ತಾನು ಹೇಳುತ್ತಿದ್ದದ್ದೂ ಅದೇ ಎಂದ. ಇಂಥವರಿಗೆ ಯಾವ ನರವೂ ಇರುವುದಿಲ್ಲ.

ಡಾಕ್ಟರಮ್ಮ ನರ ಶಾಂತವಾಗಲು ಮಾತ್ರೆ ಬರೆದರು, ದಿನವೂ ನಡೆಯಲು ಹೇಳಿದರು, ಜನರ ಜೊತೆ ಇರಿ, ಒಬ್ಬರೇ ಮೂಲೆ ಸೇರಬೇಡಿ ಎಂದರು. ಮುಖ್ಯವಾಗಿ, ಹೆದರಿಕೆ ಹುಟ್ಟಿಸದ ಒಂದು ಆಸನ ಹುಡುಕಿಕೊಂಡು ದಿನಕ್ಕೆ ಸ್ವಲ್ಪ ಸ್ವಲ್ಪ ಕೂರುವ ಅಭ್ಯಾಸ ಮಾಡಿ ಎಂದರು. ಎಡವಟ್ಟಾದದ್ದು ಇಲ್ಲೇ.

ಮಾವ ಇಡೀ ಪಾಠವನ್ನು ತಮ್ಮ ಕಸುಬಿಗೆ ಇಳಿಸಿಕೊಂಡರು. ರಾತ್ರಿ ಊಟಕ್ಕೆ ಬಡಿಸುತ್ತಿದ್ದ ಹೆಂಡತಿಗೆ ವಿವರಿಸಿದರು: ಮೆದುಳಲ್ಲಿ ಸ್ಪ್ರಿಂಗಿನ ಜಾತಿಯವು ಕೆಲವಂತೆ, ಸ್ಪಂಜಿನ ಜಾತಿಯವು ಕೆಲವಂತೆ, ತನ್ನಲ್ಲಿ ಸ್ಪ್ರಿಂಗು ಹೆಚ್ಚಾಗಿ ಸ್ಪಂಜು ಕಮ್ಮಿಯಾಗಿದೆಯಂತೆ. ಅತ್ತೆ, ಡಾಕ್ಟರಮ್ಮ ಸ್ಪಂಜು ಅಂದರಾ ಎಂದು ಅನುಮಾನಿಸಿದರು. ಅಂದ ಹಾಗೇ ಎಂದರು ಮಾವ. ಇಲ್ಲಿಯವರೆಗೆ ತಪ್ಪೇನಿಲ್ಲ, ಶಾಲೆಯ ಪುಸ್ತಕಗಳು ಇದಕ್ಕಿಂತ ಕೆಟ್ಟದಾಗಿ ವಿವರಿಸುತ್ತವೆ. ಆದರೆ ಮಾವ ಒಂದು ಹೆಜ್ಜೆ ಮುಂದೆ ಹೋದರು. ತನ್ನನ್ನು ಹೆದರಿಸದ ಆಸನ ಯಾವುದೋ, ನರದ ನೋವಿನವರನ್ನೆಲ್ಲ ಹೆದರಿಸದ ಆಸನವೂ ಅದೇ. ಆಸ್ಪತ್ರೆಗೆ ಬರುವವರೆಲ್ಲ ನರದ ನೋವಿನವರೇ. ಹಾಗಾದರೆ ಮಾದರಿಯನ್ನು ಹುಡುಕಿಕೊಂಡು ಎಲ್ಲಿಗೆ ಹೋಗಬೇಕು? ಮಾದರಿ ತನ್ನ ಬೆನ್ನ ಹಿಂದೆಯೇ ಇದೆ.

ಸ್ಪಂಜು ಕತ್ತರಿಸಲು ಕೂತರು, ಮತ್ತೆ ನಿಂತರು. ಕೂತು ಎಲ್ಲಿ ಉರಿಯಿತೋ ಅಲ್ಲಿ ಸೀಮೆಸುಣ್ಣದ ಗುರುತು. ಗುರುತು ಹಾಕಿದಲ್ಲಿ ಚಾಕು. ಬಲಗಡೆ ಒಂದು ಹಳ್ಳವಾಯಿತು. ಹಳ್ಳದ ಅಂಚು ತೊಡೆಗೆ ಒತ್ತಿತು, ಅದನ್ನೂ ಇಳಿಜಾರು ಮಾಡಿದರು. ಎಡಗಡೆ ಭಾರ ಬಿತ್ತು, ಅಲ್ಲಿ ಇನ್ನೊಂದು ಹಾಳೆ ಅಂಟಿಸಿ ದಿಣ್ಣೆ ಮಾಡಿದರು. ಹೀಗೆ ಹಳ್ಳ ದಿಣ್ಣೆ ಮಾಡಿ ಮಾಡಿ, ಒಂದು ಮಧ್ಯಾಹ್ನ, ಬೆನ್ನು ಹಾಕಿ ನಿಂತು, ಮೆಲ್ಲಗೆ ಇಳಿದು, ಕೈಕಟ್ಟಿ, ಕಣ್ಣು ಮುಚ್ಚಿದರು. ಮಿಷನ್ನು ನಿಂತಿತು. ಇಸ್ತ್ರಿ ಅಂಗಡಿಯವನೂ ಇಣುಕಿದ.

"ಹೂಂ" ಎಂದರು ಮಾವ.

ನೋವು ಹೋಗಿರಲಿಲ್ಲ. ಕೂಗಾಡುತ್ತಿದ್ದದ್ದು ಗೊಣಗುತ್ತಿತ್ತು, ಅಷ್ಟೆ. ಆದರೆ ಎಷ್ಟೋ ತಿಂಗಳ ಮೇಲೆ ಬಂದ ಹೂಂ ಅದು. ಅತ್ತೆ ಮುಖ ತಿರುಗಿಸಿ ಸೆರಗಿನ ತುದಿಯಲ್ಲಿ ಮಿಷನ್ನು ಒರೆಸಿದರು. ಮಿಷನ್ನಿನ ಮೇಲೆ ಧೂಳೇನೂ ಇರಲಿಲ್ಲ.

ನೋವಿನಿಂದ ಎಡಕ್ಕೆ ವಾಲಿ ಕೂರುವ ಮಾವ, ಬಲಕ್ಕೆ ವಾಲಿದ ಸೀಟು. ಎರಡು ಸೊಟ್ಟ ಸೇರಿ ಒಂದು ನೇರವಾಗಿತ್ತು. ಮಾವನ ಮಟ್ಟಿಗೆ. ಆ ಮಾದರಿ ಇಟ್ಟುಕೊಂಡು ಎಲ್ಲ ಬೆಂಚುಗಳ ಎಲ್ಲ ಸೀಟುಗಳನ್ನೂ ಕತ್ತರಿಸಿದರು. ಅತ್ತೆ ಆ ಹಳ್ಳ ದಿಣ್ಣೆಗೆ ಸರಿಯಾಗಿ ಗವಸು ಹೊಲಿದರು. ಭಾಮೈದ ಯಾರೂ ಇಲ್ಲದಾಗ ತನ್ನ ಸಮಾಧಾನಕ್ಕೆ ಮರಳಿನ ಮೂಟೆಯನ್ನು ಕೂರಿಸಿ ನೋಡಿದ. ಮೂಟೆ ಬಲಕ್ಕೆ ವಾಲಿ ಕೆಳಗೆ ಬಿತ್ತು. ಎತ್ತಿ ಕೂರಿಸಿದ, ಮತ್ತೆ ಬಿತ್ತು. ಮೂಟೆಯಲ್ಲೇ ಏನೋ ದೋಷವಿದೆ ಎಂದುಕೊಂಡು ಬಾಯಿ ಬಿಚ್ಚಿ, ಮರಳು ಕಲಕಿ, ಸೊಂಟದ ದಾರ ಬಿಗಿಮಾಡಿ ಕೂರಿಸಿದ. ಆಗಲೂ ಬಿತ್ತು. ಕೊನೆಗೆ ಗೋಡೆಗೆ ಒರಗಿಸಿ ಕೂರಿಸಿದಾಗ ನಿಂತುಕೊಂಡಿತು. ಸರಿಯಾಗಿದೆ ಎಂದು ಬೆಂಚುಗಳನ್ನು ಗಾಡಿಗೆ ಏರಿಸಿದ.

ಬೆಂಚು ಹೋದ ಮಾರನೆಯ ಬೆಳಿಗ್ಗೆಯೇ ಆಸ್ಪತ್ರೆಯ ಮೇಲ್ವಿಚಾರಕನಿಂದ ಫೋನು. ಏನಾಗಿದೆ ಎಂದು ಬಾಯಲ್ಲಿ ಹೇಳಲು ಬರುವುದಿಲ್ಲ, ಬಂದು ನೋಡಿ ಎಂದ.

ಮೂವರೂ ಗಾಡಿಯಲ್ಲಿ ಹೊರಟರು. ಭಾಮೈದ ಮುಂದೆ, ಹಿಂದೆ ಸಾಮಾನು ಹಾಕುವ ಜಾಗದಲ್ಲಿ ಮಾವ ಕಂಬಿ ಹಿಡಿದು ನಿಂತಿದ್ದಾರೆ, ಪಕ್ಕದಲ್ಲಿ ಅತ್ತೆ ಡಬ್ಬದ ಮೇಲೆ ಕೂತಿದ್ದಾರೆ. ದಾರಿ ಅರ್ಧ ಮುಗಿದ ಮೇಲೆ ಅತ್ತೆ ಬಾಯಿಬಿಟ್ಟರು.

"ಸೀಟು ಸೊಟ್ಟ ಇದೆ ರೀ. ಹೊಲಿಯುವಾಗ್ಲೇ ನಂಗೆ ಗೊತ್ತಾಗಿತ್ತು."

ಮಾವ ಬಗ್ಗಿ ನೋಡಿದರು. "ಮತ್ತೆ ಹೇಳ್ಬಾರ್ದಿತ್ತಾ?"

"ಎಷ್ಟು ದಿನ ಆಗಿತ್ತು ನಿಮ್ಮ ಬಾಯಲ್ಲಿ ಹೂಂ ಕೇಳಿ. ನನ್ನ ಕೈಯಾರೆ ಅದನ್ನ ಬಿಚ್ಚೋಕೆ ಮನಸ್ಸು ಬರ್ಲಿಲ್ಲ."

ಮಾವ ಮತ್ತೆ ಕಂಬಿ ಹಿಡಿದು ಬೀದಿ ನೋಡುತ್ತ ನಿಂತರು.

ಕಾಯುವ ಕೋಣೆಯ ಬಾಗಿಲಲ್ಲಿ ಮೂವರೂ ಹಾಗೇ ನಿಂತುಬಿಟ್ಟರು. ಉದ್ದಕ್ಕೂ ಕೂತ ರೋಗಿಗಳೆಲ್ಲ ಒಂದೇ ಕಡೆಗೆ, ಬಲಕ್ಕೆ, ವಾಲಿದ್ದಾರೆ. ಕಪಾಟಿನಲ್ಲಿ ಒಂದು ಪುಸ್ತಕ ತೆಗೆದ ಮೇಲೆ ಉಳಿದವು ಒರಗಿಕೊಳ್ಳುತ್ತವಲ್ಲ, ಹಾಗೆ. ಒಬ್ಬರ ತಲೆ ಇನ್ನೊಬ್ಬರ ಹೆಗಲ ಮೇಲೆ. ಯಾರಾದರೂ ತಮ್ಮ ಹೆಸರು ಕರೆದರೆಂದು ಎದ್ದರೆ ಅವರ ಎಡಗಡೆಯವರೆಲ್ಲ ಒಂದು ಜಾಗ ಜಾರುವರು. ಮೇಲ್ವಿಚಾರಕ, ಟೈ ಕಟ್ಟಿದ ಗಂಭೀರ ಮನುಷ್ಯ, ಜನರಿಗೆ ಸರಿಯಾಗಿ ಕೂರಲು ಬರುವುದಿಲ್ಲ ಎಂಬ ನಂಬಿಕೆಯಿಂದ ನೇರವಾಗಿ ಕೂರುವುದು ಹೇಗೆಂದು ತೋರಿಸಲು ಬಲಗಡೆಯ ತುದಿಯಲ್ಲಿ ತಾನೇ ಕೂತಿದ್ದ. ಈಗ ಇಡೀ ಸಾಲಿನ ಭಾರ ಅವನ ಮೇಲೆ, ಅವನ ಭಾರ ಪ್ಲಾಸ್ಟಿಕ್ ಗಿಡದ ಕುಂಡದ ಮೇಲೆ. ಎಲೆಗಳ ನಡುವಿನಿಂದಲೇ ಮಾವನನ್ನು ಗದರಿಸಿದ: ಎಲ್ಲ ವಾಪಸು ತೆಗೆದುಕೊಂಡು ಹೋಗಬೇಕು, ಈ ಕ್ಷಣ.

ಭಾಮೈದ ಮಾವನ ಮುಖ ನೋಡಲಿಲ್ಲ. ಒಪ್ಪಂದ ಮುಗಿದುಹೋಗಿತ್ತು.

ಒಂದು ವಿಚಿತ್ರ ಮಾತ್ರ ಮಾವನ ಕಣ್ಣಿಗೆ ಬಿತ್ತು. ಹಳೆಯ ತಗಡಿನ ಬೆಂಚಿನ ಕಾಲದಲ್ಲಿ ಈ ಕೋಣೆಯಲ್ಲಿ ಕೆಮ್ಮು ಬಿಟ್ಟರೆ ಸದ್ದಿರಲಿಲ್ಲ, ಎಲ್ಲರೂ ತಮ್ಮ ತಮ್ಮ ಹೆದರಿಕೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿರುತ್ತಿದ್ದರು. ಇವತ್ತು ಸಂತೆ. ಒಬ್ಬರ ಹೆಗಲ ಮೇಲೆ ತಲೆಯಿಟ್ಟ ಮೇಲೆ ಮಾತಾಡದೆ ಇರುವುದಾದರೂ ಹೇಗೆ? ನಿಮಗೆ ಎಲ್ಲಿ ನೋವು, ನಮಗೆ ಇಲ್ಲಿ, ಎಂದು ಶುರುವಾಗಿ ಅಳಿಯಂದಿರವರೆಗೆ ಬಂದಿತ್ತು.

ಖಾಲಿಯಾದ ಒಂದು ಸೀಟಿನಲ್ಲಿ ಮಾವ ಕೂತರು. ಅಭ್ಯಾಸದಂತೆ ಬೆನ್ನು ಹಾಕಿ, ಇಳಿದು, ಕೈಕಟ್ಟಿ. ಇಡೀ ಸಾಲಿನಲ್ಲಿ ನೆಟ್ಟಗೆ ಕೂತವರು ಅವರೊಬ್ಬರೇ. ಎಡಗಡೆಯಿಂದ ಒಬ್ಬ ನಿವೃತ್ತ ಟೀಚರಮ್ಮ, ಮುಖದ ನರದ ನೋವಿನವರು, ಬಂದು ಅವರ ಹೆಗಲಿಗೆ ಒರಗಿದರು. ಕ್ಷಮಿಸಿ ಎಂದರು, ಈ ಕುರ್ಚಿಯ ಗುಣ ಹೀಗೆ ಎಂದರು. ಗಾಳಿ ತಾಗಿದರೂ ಕೆನ್ನೆಗೆ ಚಾಕು ಹಾಕಿದಂತಾಗುವುದು, ಮನೆಯಲ್ಲಿ ಫ್ಯಾನು ಹಾಕಲು ಹೆದರಿಕೆ, ಮಗಳು ಅದನ್ನು ನಾಟಕ ಅನ್ನುವುದು, ಎಲ್ಲ ಹೇಳಿದರು. ಮಾವ ತಮ್ಮ ಕಾಲಿನ ಕತೆ ಹೇಳಿದರು. ಕಚೇರಿಯ ಗೋಡೆಯ ಪಕ್ಕ ಬೆಳೆದ ಸಾಲಿನ ಕತೆ ಬಂದಾಗ ಟೀಚರಮ್ಮ ನಗಲು ಹೋಗಿ, ಕೆನ್ನೆ ಹಿಡಿದುಕೊಂಡು, ನಗಿಸಬೇಡಿ ಎಂದು ಬೈದು, ಮತ್ತೆ ನಕ್ಕರು. ಆಮೇಲೆ ಅಂಗೈಯಿಂದ ಸೀಟಿನ ಹಳ್ಳವನ್ನು ಸವರಿ ನೋಡಿದರು.

"ಇದನ್ನ ಮಾಡಿದವ್ನಿಗೆ ಬಲಗಡೆ ಜೀವ ಹೋಗೋಷ್ಟು ನೋವಿರ್ಬೇಕು" ಎಂದರು. "ಸ್ಕ್ಯಾನಲ್ಲಿ ಬರ್ದೇ ಇರೋದು ಸ್ಪಂಜಲ್ಲಿ ಬಂದಿದೆ ನೋಡಿ."

ಮಾವ ತಾವೂ ಆ ಹಳ್ಳದ ಮೇಲೆ ಕೈಯಿಟ್ಟರು. ಇಷ್ಟು ದಿನ ಊರೆಲ್ಲ ಅಲೆದು, ಪಟ ಹಿಡಿದು, ಬೇಡಿಕೊಂಡರೂ ಯಾರೂ ಕಾಣದ ನೋವು ಇಲ್ಲಿ ಸಾಲಾಗಿ, ನೀಲಿ ರೆಕ್ಸಿನ್ ಹೊದ್ದು, ಯಾರು ಬೇಕಾದರೂ ಮುಟ್ಟಿ ನೋಡುವಂತೆ ಬಿದ್ದಿದೆ. ನೋವು ನಿಜ. ಅದರ ಅಚ್ಚು ಇಲ್ಲೇ ಇದೆ. ಆದರೆ ಪಕ್ಕದ ಈ ಹೆಂಗಸಿನ ನೋವು ಕೆನ್ನೆಯಲ್ಲಿದೆ, ಆಚೆಯವನದು ಅಂಗೈಯಲ್ಲಿ. ಅವರೆಲ್ಲ ತನ್ನ ನೋವಿನ ಗುಂಡಿಯಲ್ಲಿ ಯಾಕೆ ಜಾರಿ ಬೀಳಬೇಕು? ತನ್ನ ಕಾಲಿಗೆ ಸರಿಯಾದದ್ದು ಕುರ್ಚಿಗೆ ಸರಿಯೆಂದು ಹೇಳಿದವರು ಯಾರು? ತಾನೇ. ನಿನಗೆ ನೋವಿಲ್ಲ ಎಂದವನು ತನ್ನ ಮೈಯಿಂದ ಇನ್ನೊಬ್ಬನನ್ನು ಅಳೆದ. ತಾನೂ ಅದನ್ನೇ ಮಾಡಿದ್ದೇನಲ್ಲ, ಬೇರೆ ಅಳತೆಪಟ್ಟಿ ಹಿಡಿದು.

ಅವರು ಎದ್ದರು. ಎಡಗಡೆಯ ಸಾಲೆಲ್ಲ ಒಂದು ಜಾಗ ಜಾರಿತು, ಮೇಲ್ವಿಚಾರಕನ ಮೇಲಿನ ಭಾರ ಇನ್ನಷ್ಟು ಹೆಚ್ಚಿತು.

"ಊಹೂಂ" ಎಂದರು ಮಾವ, ಎಲ್ಲರಿಗೂ ಕೇಳುವಂತೆ. "ಎಲ್ಲಾ ಬಿಚ್ಚಿ ಮತ್ತೆ ಮಾಡ್ತೀನಿ."

ಬೈಯಲು ಸಿದ್ಧನಾಗಿದ್ದ ಮೇಲ್ವಿಚಾರಕನಿಗೆ ಕೆಲಸವಿಲ್ಲದಂತಾಯಿತು. ಗದ್ದಲ ಕೇಳಿ ಹೊರಬಂದ ಡಾಕ್ಟರಮ್ಮ ಸಾಲನ್ನು ನೋಡಿ ಬಾಯಿಗೆ ಕೈ ಅಡ್ಡ ಹಿಡಿದರು. ಕೈಯ ಹಿಂದೆ ಏನು ನಡೆಯುತ್ತಿತ್ತು ಎಂಬುದು ಭುಜ ನೋಡಿದರೆ ತಿಳಿಯುತ್ತಿತ್ತು. ಆಮೇಲೆ ಮಾವನನ್ನು ಪಕ್ಕಕ್ಕೆ ಕರೆದು, ಇಷ್ಟು ಹೊತ್ತು ಕೂತಿದ್ದಿರಲ್ಲ, ನೋವು ಹೇಗಿತ್ತು ಎಂದು ಕೇಳಿದರು. ಮಾವ ಯೋಚಿಸಿದರು. ಇತ್ತು, ಆದರೆ ಟೀಚರಮ್ಮನ ಮಗಳ ಮೇಲೆ ಸಿಟ್ಟು ಬಂದಿದ್ದರಿಂದ ಅದರ ಕಡೆ ಗಮನ ಕೊಡಲು ಆಗಲಿಲ್ಲ ಎಂದರು. ಡಾಕ್ಟರಮ್ಮ ಇದು ವಾಸಿಯಾದ ಲಕ್ಷಣವೆಂದು ತಿಳಿಯಬೇಡಿ, ನಾಳೆ ಮತ್ತೆ ಕೂಗಾಡಬಹುದು; ಆದರೆ ಜನ, ಮಾತು, ನಗು ಇವಕ್ಕೂ ಆ ಸದ್ದಡಗಿಸುವ ತುಣುಕುಗಳಿಗೂ ಏನೋ ನಂಟಿದೆ ಎನ್ನುತ್ತಾರೆ, ಅದನ್ನು ಬಿಡಬೇಡಿ ಎಂದರು.

ಗಾಡಿಗೆ ಬೆಂಚು ಏರಿಸುವಾಗ ಭಾಮೈದ ನಿಧಾನವಾಗಿ ಒಪ್ಪಂದದ ಮಾತು ತೆಗೆದ. ಭಾವ ಬೇಜಾರು ಮಾಡಿಕೊಳ್ಳಬಾರದು, ಆದರೆ ಮಾತು ಮಾತೇ ಎಂದ.

"ಆಗ್ಲಿ" ಎಂದರು ಮಾವ. "ನಿನ್ನ ಮೂಟೆ ಈ ಬೆಂಚಿಗೆ ಏನಂತು?"

ಭಾಮೈದ ಹಗ್ಗ ಕಟ್ಟುವುದರಲ್ಲಿ ಮುಳುಗಿದಂತೆ ಮಾಡಿದ. "ಬಿದ್ದೋಯ್ತು."

"ಎಷ್ಟು ಸಲ?"

"ಕೂರಿಸಿದಾಗೆಲ್ಲ. ಮೂಟೇಲೇ ದೋಷ ಅಂತ ಬಿಚ್ಚಿ ನೋಡ್ದೆ, ಕೊನೆಗೆ ಗೋಡೆಗೆ ಒರಗಿಸ್ದೆ."

"ಅದು ಪಾಪ ಬಾಯಿ ಬಿಟ್ಟು ಹೇಳಿದೆ. ನೀನು ಅದರ ಹೊಟ್ಟೆ ಬಿಚ್ಚಿ ನೋಡಿ, ನಿನಗೇ ಏನೋ ಆಗಿದೆ ಅಂದೆ. ಗೋಡೆಗೆ ಒರಗಿಸಿ ಎಲ್ಲಾ ಸರಿ ಇದೆ ಅಂತ ಕಳಿಸ್ದೆ." ಮಾವ ಹಗ್ಗದ ಇನ್ನೊಂದು ತುದಿ ಎಳೆದು ಕೊಟ್ಟರು. "ಲೋ, ನಂಗೂ ಸ್ಕ್ಯಾನಿನವನು ಹೀಗೇ ಮಾಡಿದ್ದು."

ಅತ್ತೆ ಡಬ್ಬದ ಮೇಲಿಂದ ಜಾರುವಷ್ಟು ನಕ್ಕರು. ಒಪ್ಪಂದದಲ್ಲಿ ಇಬ್ಬರೂ ಸೋತಿದ್ದಾರೆ, ಹಾಗಾಗಿ ಕೂರುವ ಹಕ್ಕು ಯಾರಿಗೆ ಎಂದು ತಾನೇ ಹೇಳುತ್ತೇನೆ ಎಂದರು. ತೀರ್ಪು ಅಲ್ಲೇ ಆಯಿತು, ಮೇಲ್ಮನವಿಗೆ ಅವಕಾಶವಿರಲಿಲ್ಲ.

ಈಗ ಆ ಅಂಗಡಿಗೆ ಹೋದರೆ ಮೊದಲು ಮರಳಿನ ಮೂಟೆ ಕೂರುತ್ತದೆ. ಬಿದ್ದರೆ ಅದರ ಮಾತನ್ನು ನಂಬುತ್ತಾರೆ. ಬೀಳದಿದ್ದರೆ ಮಾವನ ಸರದಿ. ಬೆನ್ನು ಹಾಕಿ ನಿಲ್ಲುತ್ತಾರೆ, ಇಳಿಯುತ್ತಾರೆ, ಕೈಕಟ್ಟುತ್ತಾರೆ. ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ, ಏಕೆಂದರೆ ಒಳಗೆ ಇಬ್ಬರು ಮಾತಾಡುತ್ತಾರೆ: ಕಾಲಿನವನು ಒಬ್ಬ, ಕಸುಬಿನವನು ಒಬ್ಬ. ಕಾಲಿನವನು ಕೂಗುವುದನ್ನು ಪೂರ್ತಿ ಕೇಳಿಸಿಕೊಂಡು, ಆಯಿತಪ್ಪ ಎಂದು ಪಕ್ಕಕ್ಕೆ ಕೂರಿಸಿ, ಆಮೇಲೆ ಕಸುಬಿನವನನ್ನು ಕೇಳುತ್ತಾರೆ. ಕೆಲವು ದಿನ ಕಾಲಿನವನು ಪಕ್ಕಕ್ಕೆ ಹೋಗುವುದೇ ಇಲ್ಲ. ಆ ದಿನ ಮಾವ ಮೊಳೆ ಹೊಡೆಯುತ್ತಾರೆ, ಕುರ್ಚಿ ಕಾಯುತ್ತದೆ. ಆಸ್ಪತ್ರೆಯ ಬೆಂಚುಗಳೂ ಹೀಗೇ ನಿಧಾನವಾಗಿ, ನೆಟ್ಟಗಾಗಿ, ವಾಪಸು ಹೋದವು. ಹಳ್ಳ ದಿಣ್ಣೆಯ ಮಾದರಿ ಸೀಟು ಮಾತ್ರ ಅಂಗಡಿಯಲ್ಲೇ ಇದೆ. ಅದು ಮಾರಾಟಕ್ಕಲ್ಲ, ಮಾವ ಸಂಜೆ ಟೀ ಕುಡಿಯುವ ಜಾಗ. ಗೊತ್ತಿಲ್ಲದೆ ಬೇರೆಯವರು ಅದರ ಮೇಲೆ ಕೂತರೆ ಟೀ ಬಲಗಡೆ ಚೆಲ್ಲುತ್ತದೆ. ಅಣ್ಣ ಬಂದ ದಿನ ಅವನನ್ನು ಮಾತ್ರ ಒತ್ತಾಯ ಮಾಡಿ ಅದರಲ್ಲೇ ಕೂರಿಸಿದರಂತೆ.

ಮೊನ್ನೆ ಒಬ್ಬ ಗಿರಾಕಿ ತನ್ನ ಸೋಫಾ ಎಲ್ಲಿಗೆ ಬಂತೆಂದು ಅವಸರ ಮಾಡುತ್ತ ನಿಂತಿದ್ದ. ಮಾವ ಅದರ ಮೇಲೆ ಕಣ್ಣು ಮುಚ್ಚಿ ಕೂತಿದ್ದರು. ಮಿಷನ್ನು ನಿಂತಿತ್ತು. ಕೊನೆಗೆ ಮೂಗಿನಿಂದಲ್ಲ, ಬಾಯಿಂದಲೇ, ಮೊಳೆಗಳನ್ನು ಅಂಗೈಗೆ ಉಗುಳಿ ಹೇಳಿದರು:

"ನಂಗೆ ಊಹೂಂ. ಸೋಫಾಕ್ಕೆ ಹೂಂ."

ಗಿರಾಕಿಗೆ ಏನೂ ಅರ್ಥವಾಗಲಿಲ್ಲ. ಹೊಲಿಗೆ ಅತ್ತೆ ಮಿಷನ್ನು ತುಳಿದರು.